ತುಂಬೆಗೆ ಇಲ್ಲದ ಎಲೆ

ಬೆಟ್ಟಗೇರಿ, ಮಡಿಕೇರಿ ತಾಲ್ಲೂಕು
ಮಂಗಳವಾರ, ೧೮ ಮಾರ್ಚ್ ೨೦೨೫
ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ರೈಟರ್ ಅವರಿಗೆ,

ನಿಮ್ಮ ಮೊಣಕಾಲು ಹೇಗಿದೆ? ತಿತಿಮತಿಯ ಸೆಕೆಗೆ ನೋವು ಕಡಿಮೆಯಾಗಿರಬೇಕು, ಅದೊಂದು ಲಾಭವಾದರೂ ಆಗಲಿ. ಯಮುನಾ ಅತ್ತಿಗೆ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದಾರೆಂದು ಅವರ ಮಗ ಪ್ರವೀಣ ಹೇಳಿದ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು ಇಷ್ಟು ಬೇಗ ಎದ್ದರೆಂದರೆ ಅದು ಅವರ ಹಟದಿಂದಲೇ. ನೀವು ಒಗ್ಗರಣೆಗೆ ಕೈ ಹಾಕುತ್ತಿಲ್ಲ ತಾನೇ? ಅಲ್ಲಿ ಅಡುಗೆಗೆ ಬರುವ ಹೆಂಗಸಿನ ಕೈಯಲ್ಲಿ ಖಾರ ಜಾಸ್ತಿ ಎಂದು ಅತ್ತಿಗೆ ದೂರಿದರೆ ಅತ್ತಿಗೆಯ ಪಕ್ಷವನ್ನೇ ವಹಿಸಿ. ಖಾರಕ್ಕೆ ಹೊಟ್ಟೆ ಉರಿದರೂ ನೀವು ಬಾಯಿ ಬಿಡುವವರಲ್ಲ ಎಂದು ಮೂವತ್ತೆಂಟು ವರ್ಷಗಳಿಂದ ಬಲ್ಲೆ.

ಪತ್ರ ಯಾಕೆ ಬರೆದಳು, ಫೋನ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ನಿಮ್ಮ ಗುಂಡಿ ಫೋನಿನಲ್ಲಿ ನಿಮ್ಮಿಂದ ನನಗೆ ಸಿಗುವುದು ದಿನಕ್ಕೆ ಅರೆಭಾಷೆಯ ಮೂರು ಮಾತು: 'ಹಾಂ', 'ಊಟ ಆತ್', 'ಇಡ್ತೆ'. ಊರಿಗೆಲ್ಲ ನೀವು ರೈಟರ್. ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ಆಳುಗಳ ಹಾಜರಿ ಬರೆದು, ಕೆಲಸ ಹಂಚಿ, ನಿವೃತ್ತರಾದ ಮೇಲೂ ಆ ಹೆಸರು ನಿಮ್ಮನ್ನು ಬಿಟ್ಟಿಲ್ಲ. ಮನೆಯಲ್ಲಿ ಬರೆಯುವವಳು ಮಾತ್ರ ನಾನು. ಗ್ರಂಥಾಲಯದಲ್ಲಿ ಕೂತು ಓದಿದ್ದು ಸಾಲದೆಂಬಂತೆ ಪತ್ರಿಕೆಗಳ ವಾಚಕರ ಅಂಕಣಕ್ಕೆ ನಾನು ಬರೆದ ಪತ್ರಗಳು ಎರಡು ಫೈಲು ತುಂಬಿವೆ. ಅಷ್ಟೆಲ್ಲ ಬರೆದವಳು ನಿಮಗೊಂದು ಪತ್ರ ಬರೆದು ಇಪ್ಪತ್ತು ವರ್ಷವಾಗಿರಬೇಕು. ಆಗಲೂ ಗ್ಯಾಸ್ ಬುಕ್ ಮಾಡಿ ಎಂದು ಬರೆದಿದ್ದೆನೇ ಹೊರತು ಬೇರೇನೂ ಅಲ್ಲ.

ಸುದ್ದಿಗೆ ಬರುತ್ತೇನೆ. ಶನಿವಾರ ಮಧ್ಯಾಹ್ನ ಕಾಫಿ ಮೊಗ್ಗು ಬಿರಿಸುವ ಹೂಮಳೆ ಬಿತ್ತು. ಮುಕ್ಕಾಲು ಗಂಟೆ, ಒಂದೇ ಸಮನೆ, ಗುಡುಗಿಲ್ಲದೆ. ನೀವಿದ್ದರೆ ಜಗಲಿಯ ತುದಿಯಲ್ಲಿ ಪಾತ್ರೆಯಿಟ್ಟು, ಅದರಲ್ಲಿ ಬೆರಳು ಮುಳುಗಿಸಿ, 'ಸಾಕು, ಇಷ್ಟು ಸಾಕು' ಎನ್ನುತ್ತಿದ್ದಿರಿ. ನಾನೂ ಪಾತ್ರೆ ಇಟ್ಟೆ. ನಿಮ್ಮ ಲೆಕ್ಕ ನನಗೆ ಬರುವುದಿಲ್ಲವಾದ್ದರಿಂದ ಬೆರಳು ಮುಳುಗಿತು ಎಂದಷ್ಟೇ ತಿಳಿಸುತ್ತೇನೆ. ನಿನ್ನೆಯಿಂದ ಮನೆಯ ಹಿಂದಿನ ಅರೇಬಿಕಾ ಗಿಡಗಳಲ್ಲಿ ಮೊಗ್ಗು ಹಸಿರು ಬಿಟ್ಟು ಬೆಳ್ಳಗಾಗುತ್ತಿದೆ, ದೀಪದ ಬತ್ತಿ ಹೊಸೆದು ಸಾಲಾಗಿ ನಿಲ್ಲಿಸಿದ ಹಾಗೆ. ಮಗಳು ಮೋನಿಷಾ ಕುಶಾಲನಗರದಿಂದ ಫೋನ್ ಮಾಡಿ, 'ಅಮ್ಮಾ, ಈ ಸಲ ಕಾಫಿ ಹೂವು ತೆಗೀತೀಯಲ್ಲ, ಕ್ಲೋಸಪ್?' ಎಂದಳು. ನೋಡುವಾ ಎಂದೆ.

ನಾನು ಸುಮ್ಮನೆ ಕೂತಿಲ್ಲ. ಫೋಟೋ ತೆಗೆಯುವ ಸಾಮಾನೆಲ್ಲ ತೆಗೆದು ಒರೆಸಿಟ್ಟಿದ್ದೇನೆ. ಕಾಯಿಕೊರಕ ಹುಳು ಕೊರೆದ ತೂತು ನೋಡಲು ಎಸ್ಟೇಟಿನವರು ನಿಮಗೆ ಕೊಟ್ಟಿದ್ದ ಭೂತಗನ್ನಡಿ, ಅದನ್ನು ಕೂರಿಸಲು ನೀವು ತಳ ಕೊರೆದ ಎಣ್ಣೆ ಬಾಟಲಿಯ ಮುಚ್ಚಳ, ಮುಚ್ಚಳವನ್ನು ಫೋನಿಗೆ ಬಿಗಿಯುವ ಸೈಕಲ್ ಟ್ಯೂಬಿನ ಪಟ್ಟಿ. ಬಿಸಿಲಿನ ಉರಿ ತಗ್ಗಿಸಲು ಬಟರ್ ಪೇಪರ್, ನೆರಳಿದ್ದಲ್ಲಿ ಬೆಳಕು ಹಾಯಿಸಲು ತಿಂಡಿ ಡಬ್ಬಿಯ ಸ್ಟೀಲ್ ಮುಚ್ಚಳ, ಹಿಂದೆ ಹಿಡಿಯಲು ಕಪ್ಪು ಕೊಡೆ, ಮಂಡಿಯೂರಲು ಗೋಣಿಚೀಲ. ಎಲ್ಲವೂ ಇವೆ. ಇಲ್ಲದಿರುವುದು ಒಂದೇ. ದಂಟು ಹಿಡಿಯುವ ಕೈ.

ನಾನು ಹುಡುಕದೆ ಇಲ್ಲ. ಬಟ್ಟೆಯ ಕ್ಲಿಪ್ಪನ್ನು ಊದುಬತ್ತಿಯ ಸ್ಟ್ಯಾಂಡಿಗೆ ಕಟ್ಟಿ ನೋಡಿದೆ, ದಂಟು ಜಜ್ಜಿಹೋಯಿತು. ಬಿದಿರಿನ ಸಿಬಿರಿಗೆ ದಾರ ಸುತ್ತಿ ನಿಲ್ಲಿಸಿದೆ, ಹೂವು ಗಲ್ಲಿಗೇರಿದವರ ಹಾಗೆ ಕಂಡಿತು. ಕೊನೆಗೆ ಚೋಮಿಯನ್ನು ಕರೆದೆ. ಕಳೆ ತೆಗೆಯುವುದನ್ನು ಬಿಟ್ಟು ಬಂದವಳು ದಂಟು ಹಿಡಿದು, ನಾನು ಉಸಿರು ಬಿಗಿಹಿಡಿದ ಕೂಡಲೇ ನಗಲು ಶುರುಮಾಡಿದಳು. 'ಅಮ್ಮಾ, ನಿಮ್ಮ ಮುಖ ನೋಡಿದ್ರೆ ಹೂವಿಗೇ ನಗು ಬರ್ತದೆ, ನಾನೆಂತ ಮಾಡುದು? ಇದು ರೈಟ್ರು ಕೆಲ್ಸ. ಅವ್ರನ್ನ ಅಲ್ಲಿ ಬಿಟ್ಟು ನನ್ನ ಹತ್ರ ಹಿಡಿ ಅಂತೀರಲ್ಲ!' ಹದಿನೇಳು ಫೋಟೋ ತೆಗೆದೆ, ಹದಿನೇಳೂ ಹೊಗೆ.

ನೀವು ಹಿಡಿಯುತ್ತಿದ್ದ ರೀತಿ ಏನೆಂದು ಈಗ ಅರ್ಥವಾಗುತ್ತಿದೆ. ಭೂತಗನ್ನಡಿ ಕಟ್ಟಿದ ಫೋನಿಗೆ ಹೂವು ಒಂದು ಕಾಳಿನಷ್ಟು ಅಲುಗಿದರೂ ಸಾಕು, ಎಲ್ಲ ಮಸುಕು. ನೀವು ದಂಟನ್ನು ಬಿಗಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಗಾಳಿ ಬಂದಾಗ ಅದರ ಜೊತೆ ಅಷ್ಟೇ ಬಾಗಿ, ಗಾಳಿ ತಗ್ಗುವ ಗಳಿಗೆಗೆ ಸರಿಯಾಗಿ ನಿಂತು, 'ಹ್ಞಾಂ' ಎನ್ನುತ್ತಿದ್ದಿರಿ. ಆ 'ಹ್ಞಾಂ' ಕೇಳಿದೊಡನೆ ನಾನು ಒತ್ತಬೇಕು. ನರ್ಸರಿಯಲ್ಲಿ ಸಾವಿರಾರು ಕಾಫಿ ಸಸಿಗಳಿಗೆ ಕಸಿ ಕಟ್ಟಿದ ಬೆರಳಿಗಲ್ಲದೆ ಅದು ಯಾರಿಗೆ ಬರುತ್ತದೆ? ನಾನು ಒತ್ತುವವಳು ಮಾತ್ರ ಆಗಿದ್ದೆ.

ಇನ್ನು ಸುತ್ತುವುದು ಬೇಡ. ನಿಮಗೂ ಗೊತ್ತಿರುವ, ನನಗೂ ಗೊತ್ತಿರುವ, ಇಬ್ಬರೂ ಬಾಯಿಬಿಡದ ವಿಷಯಕ್ಕೆ ಬರುತ್ತೇನೆ.

ಕಳೆದ ನವೆಂಬರಿನಲ್ಲಿ ಬೇಲಿ ಬದಿಯ ತುಂಬೆ ಹೂವು ತೆಗೆದೆವಲ್ಲ. ಜಡಿಮಳೆ ನಿಂತು ಮೂಡಣದ ಗಾಳಿ ಬೀಸುತ್ತಿದ್ದ ದಿನ. ನೀವು ಗೋಣಿಯ ಮೇಲೆ ಒಂದು ಮಂಡಿಯೂರಿ ಗಂಟೆಗೂ ಹೆಚ್ಚು ಹೊತ್ತು ಆ ದಂಟು ಹಿಡಿದಿದ್ದಿರಿ. ಏಳುವಾಗ ಬೇಲಿಗೂಟ ಹಿಡಿದು ಎದ್ದಿರಿ. ನಾನು ಫೋನ್ ನೋಡುತ್ತಿದ್ದೆ, ಕೈ ಕೊಡಲಿಲ್ಲ. ಆ ಫೋಟೋದಲ್ಲಿ ತುಂಬೆಯ ತುಟಿಯ ಮೇಲಿನ ಬಿಳಿ ರೋಮಗಳೂ ಎಣಿಸುವಂತೆ ಬಂದಿದ್ದವು. ಕೆಳಗೆ ಎಡಮೂಲೆಯಲ್ಲಿ ನಿಮ್ಮ ಹೆಬ್ಬೆರಳು, ತೋರುಬೆರಳು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮಿಶಿನ್ನಿಗೆ ಸಿಕ್ಕಿ ಎರಡಾಗಿ ಬೆಳೆದ ಆ ಉಗುರೂ ಇತ್ತು.

ಜನವರಿಯಲ್ಲಿ ಮಡಿಕೇರಿಯ ಪುಷ್ಪಪ್ರಿಯರ ಬಳಗದವರು ಫೋಟೋ ಸ್ಪರ್ಧೆ ಇಟ್ಟರು. ಚಿತ್ರದಲ್ಲಿ ಮನುಷ್ಯರಾಗಲಿ, ಮನುಷ್ಯರ ಅಂಗವಾಗಲಿ ಕಾಣಬಾರದು ಎಂಬುದು ನಿಯಮ. ಪ್ರಿಂಟ್ ಹಾಕಿಸಲು ಸ್ಟುಡಿಯೋದ ಐಶ್ವರ್ಯಳ ಹತ್ತಿರ ಹೋದೆ. ಅಳತೆ ನೋಡಲೆಂದು ಫೋಟೋವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡವಳು, 'ಇಲ್ಲೊಂದು ಇರುವೆ ಉಂಟಲ್ಲ ಆಂಟಿ, ತೆಗೀಬಹುದು, ನೀವೇ ಮಾಡಿ, ಸುಲಭ' ಎಂದು ನನ್ನ ಫೋನಿನಲ್ಲೇ ತೋರಿಸಿಕೊಟ್ಟಳು. ಬೆರಳಿನಿಂದ ಉಜ್ಜಿದರೆ ಆಯಿತು. ಇರುವೆ ಹೋಯಿತು. ಮನೆಗೆ ಬಂದು ಜೇಡನ ಎಳೆ ಒರೆಸಿದೆ, ಧೂಳಿನ ಚುಕ್ಕೆ ಒರೆಸಿದೆ. ನೆಲ ಸಾರಿಸಲು ಕೂತವಳಿಗೆ ಮೂಲೆಯಲ್ಲಿ ಇನ್ನೂ ಇನ್ನೂ ಕಸ ಕಾಣುವ ಹಾಗೆ ಆಯಿತು ನನ್ನ ಪಾಡು. ನೀವು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಿರಿ, ಸದ್ದು ಕೇಳುತ್ತಿತ್ತು. ನಾನು ಒಳಗೆ ಕೂತು ನಿಮ್ಮ ಬೆರಳುಗಳ ಮೇಲೆ ನನ್ನ ಬೆರಳಾಡಿಸಿದೆ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅವು ಇರಲಿಲ್ಲ. ಅವಿದ್ದ ಜಾಗವನ್ನು ಫೋನು ತಾನಾಗಿ ಒಂದು ಹಸಿರು ಎಲೆಯಿಂದ ತುಂಬಿಸಿತು. ಹಳೆಯದರ ಮೇಲೆಯೇ ಹೊಸದನ್ನು ಉಳಿಸಿಬಿಟ್ಟೆ. ಮೊದಲ ಬಹುಮಾನ ಬಂತು.

ಇದನ್ನು ಮಾಡಿದವಳು ಯಾರು ನೋಡಿ! ಹೋಂಸ್ಟೇಯವರು ತಮ್ಮ ಕರಪತ್ರದಲ್ಲಿ ಮನೆಯ ಹಿಂದೆ ಇಲ್ಲದ ಜಲಪಾತ ಅಂಟಿಸಿದ್ದಾರೆಂದು ಪತ್ರಿಕೆಗೆ ಬರೆದವಳು. ಗುಡ್ಡ ಕುಸಿದ ವರ್ಷ ಎಲ್ಲೆಲ್ಲಿಯೋ ತೆಗೆದ ಫೋಟೋಗಳನ್ನು ನಮ್ಮ ಕೊಡಗೆಂದು ಹಂಚುತ್ತಿದ್ದವರಿಗೆ ಮೊಬೈಲಿನಲ್ಲೇ ಪಾಠ ಮಾಡಿ ನಾಲ್ಕು ಗ್ರೂಪಿನಿಂದ ಹೊರಹಾಕಿಸಿಕೊಂಡವಳು. ಅದೂ ಹೋಗಲಿ. ೧೯೮೯ರಲ್ಲಿ ನಿಮ್ಮ ಎಸ್ಟೇಟಿನ ನೂರು ವರ್ಷದ ಪುಸ್ತಕ ಬಂದಾಗ ಏನಾಯಿತು, ನೆನಪಿದೆಯೇ? ಬಂಗಲೆಯ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ತೆಗೆದ ಫೋಟೋ. ಪುಸ್ತಕದಲ್ಲಿ ಕೆಳಗಿನ ಸಾಲು, ಆಳುಗಳ ಲೈನ್‌ಮನೆಗಳಿಂದ ಬಂದು ತಲೆ ಬಾಚಿಕೊಂಡು ನಿಂತಿದ್ದ ಹೆಂಗಸರ ಸಾಲು, ಪೂರ್ತಿ ಕತ್ತರಿಸಿಹೋಗಿತ್ತು. ತುದಿಯಲ್ಲಿ ನಿಂತಿದ್ದ ನಿಮ್ಮದು ಅರ್ಧ ಭುಜ ಮಾತ್ರ ಉಳಿದಿತ್ತು. ನಾನು ಬೆಂಕಿಯಾಗಿ ಮಾಲೀಕರಿಗೆ ಒಂದು, ಪತ್ರಿಕೆಗೆ ಒಂದು ಪತ್ರ ಬರೆದೆ. 'ದುಡಿದವರನ್ನು ಚಿತ್ರದಿಂದ ಕತ್ತರಿಸುವವರು ಇತಿಹಾಸ ಬರೆಯುತ್ತಿಲ್ಲ, ಗೋಡೆಗೆ ಅಲಂಕಾರ ಮಾಡುತ್ತಿದ್ದಾರೆ' ಎಂದು ಬರೆದದ್ದು ಈಗಲೂ ಫೈಲಿನಲ್ಲಿದೆ. ಆಗ ನೀವು ನಕ್ಕು, 'ಬಿಡ್, ಭುಜ ಆದ್ರೂ ಬಂತಲ್ಲ' ಎಂದಿದ್ದಿರಿ. ಅವರು ಬಿಟ್ಟ ಭುಜದಷ್ಟೂ ನಾನು ಬಿಡಲಿಲ್ಲ.

ಬಹುಮಾನದ ದಿನ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮೂರನೆಯ ಸಾಲಿನಲ್ಲಿ ಕೂತಿದ್ದಿರಿ. ಬಳಗದ ಅಧ್ಯಕ್ಷರು ಮೈಕಿನಲ್ಲಿ, 'ಇಂಥ ಗಾಳಿಯ ಊರಿನಲ್ಲಿ, ಎಣ್ಣೆ ಬಾಟಲಿಯ ಮುಚ್ಚಳ ಕಟ್ಟಿದ ಫೋನಿನಲ್ಲಿ, ಒಂಚೂರೂ ಅಲುಗದ ಹಾಗೆ ಹೇಗೆ ತೆಗೆದಿರಿ ಮೇಡಂ?' ಎಂದು ಕೇಳಿದರು. ಆಗ ಹೇಳಬಹುದಿತ್ತು. ಮೂರನೆಯ ಸಾಲಿನ ಕಡೆಗೆ ಕೈ ತೋರಿಸಿದ್ದರೂ ಸಾಕಿತ್ತು. ಬೆರಳು ಇತ್ತೆಂದರೆ ಬಹುಮಾನ ಹೋಗುತ್ತದೆಂಬ ಭಯಕ್ಕೆ ನಾನು, 'ತಾಳ್ಮೆ. ಗಾಳಿ ನಿಲ್ಲುವವರೆಗೆ ಕಾಯಬೇಕು, ಅಷ್ಟೇ' ಎಂದೆ. ಜನ ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಿ. ನಾನು ನೋಡಿದೆ.

ಆಮೇಲೆ ನೀವು ಆ ಚಿತ್ರದ ಮುಂದೆ ಕನ್ನಡಕ ತೆಗೆದು, ಮತ್ತೆ ಹಾಕಿ, ಬಹಳ ಹೊತ್ತು ನಿಂತಿದ್ದಿರಿ. 'ಚಂದ ಉಟ್ಟು' ಎಂದು ಹೊಗಳಿದಿರಿ. ಬಸ್ಸಿನಲ್ಲಿ ಮೇಕೇರಿ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಕೇಳಿದಿರಿ, 'ಆ ಎಲೆ ಯಾವುದರದ್ದು? ತುಂಬೆಗೆ ಅಂಥ ಎಲೆ ಇಲ್ಲೆ.' ಮೂವರು ತೀರ್ಪುಗಾರರ ಕಣ್ಣಿಗೆ ಬೀಳದ್ದು ನಿಮಗೆ ಕಂಡಿತು. ನಾನು, 'ಪಕ್ಕದ ಗಿಡದ್ದು' ಎಂದೆ. ನೀವು ಒಂದು ಸಲ ನನ್ನನ್ನು ನೋಡಿದಿರಿ, 'ಹಾಂಗೆಯಾ' ಎಂದಿರಿ. ಆಮೇಲೆ ಬೆಟ್ಟಗೇರಿಯವರೆಗೂ ನಿಮ್ಮ ಎರಡೂ ಕೈ ಅಂಗಿಯ ಅಂಚಿನಡಿ ಮುಚ್ಚಿಕೊಂಡೇ ಇದ್ದವು.

ಆ ವಾರವೇ ಅತ್ತಿಗೆ ಬಿದ್ದ ಸುದ್ದಿ ಬಂತು. ಪ್ರವೀಣನಿಗೆ ದುಬಾರೆಯ ಆನೆ ಕ್ಯಾಂಪಿನ ಕೆಲಸ ಬಿಟ್ಟು ಬರುವ ಹಾಗಿಲ್ಲ, ಕೊಯ್ಲು ನಿಂತಿದೆ ಎಂದಾಗ ನೀವು ಎದ್ದು ಚೀಲ ತುಂಬಿದಿರಿ. ಅಕ್ಕನಿಗಾಗಿ ಹೋದದ್ದು ನ್ಯಾಯವೇ. ಹದಿನೈದು ದಿನ ಎಂದಿರಿ. ನಾಳೆಗೆ ನಲವತ್ತನಾಲ್ಕು. ಮೊನ್ನೆ ಪ್ರವೀಣ, 'ಕೊಯ್ಲು ಮುಗ್ದು ಹದಿನೈದು ದಿನ ಆತ್ ಅತ್ತೆ, ಮಾವನಿಗೆ ಹೋಗಿ ಅಂದ್ರೆ ಬೇಲಿ ಕಟ್ಟುದು ಉಟ್ಟು ಅಂತಾರೆ' ಎಂದ. ಆನೆ ಮುರಿದ ಬೇಲಿಯನ್ನು ಅರಣ್ಯದಂಚಿನ ಊರಿನಲ್ಲಿ ಕಟ್ಟಿ ಮುಗಿಸಿದವರು ಯಾರೂ ಇಲ್ಲ ಎಂದು ನಿಮಗೂ ಗೊತ್ತು.

ನಾನು ಸುಮ್ಮನಿರಲಿಲ್ಲ ಎಂದು ಆಗಲೇ ಹೇಳಿದೆ. ಬಳಗಕ್ಕೆ ನಡೆದದ್ದನ್ನೆಲ್ಲ ಬರೆದು, ಪ್ರಶಸ್ತಿಪತ್ರವನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಹಿಂದಿರುಗಿಸಿದೆ. ಅಧ್ಯಕ್ಷರು ಫೋನ್ ಮಾಡಿದರು. 'ಅಯ್ಯೋ ಮೇಡಂ, ಎರಡು ಬೆರಳಿಗೆ ಇಷ್ಟೆಲ್ಲಾ ಯಾಕೆ? ಈಗ ಎಲ್ಲರೂ ಮಾಡೋದೇ, ಬಿಟ್ಟುಬಿಡಿ' ಎಂದರು! ನಿಮ್ಮ ನಿಯಮ ನೀವೇ ಓದಿ ಎಂದು ಹತ್ತು ನಿಮಿಷ ಬೈದೆ. ಮೂರನೆಯ ದಿನ ಪ್ರಶಸ್ತಿಪತ್ರ ಅದೇ ಲಕೋಟೆಯಲ್ಲಿ ವಾಪಸು ಬಂತು. ತಪ್ಪು ಒಪ್ಪಿಕೊಂಡರೂ ತೆಗೆದುಕೊಳ್ಳುವವರಿಲ್ಲದ ಕಾಲ ಇದು. ಅವರ ಮೇಲೆ ಪತ್ರಿಕೆಗೆ ಬರೆಯಲು ಕಾಗದ ತೆಗೆದವಳು, ಮೊದಲ ಸಾಲಿನಲ್ಲೇ ನಿಂತೆ. ತಪ್ಪು ಮಾಡಿದ್ದು ಬಳಗಕ್ಕಲ್ಲವಲ್ಲ. ಆ ಕಾಗದದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮೇಲ್ಗಡೆ ಹೊಡೆದುಹಾಕಿದ 'ಮಾನ್ಯ ಸಂಪಾದಕರೇ' ಕಂಡರೆ ನಗಬೇಡಿ. ನಕ್ಕರೂ ಸರಿ.

ನಿಮ್ಮ ಬೆರಳಿದ್ದ ಆ ಮೊದಲಿನ ಫೋಟೋವನ್ನು ವಾಪಸು ತರಲು ಬಹಳ ಪಾಡುಪಟ್ಟೆ. ಮೋನಿಷಾ ಬಂದು ಫೋನನ್ನೆಲ್ಲ ಜಾಲಾಡಿದಳು, ಸಿಗಲಿಲ್ಲ. ಐಶ್ವರ್ಯಳ ಹಳೆಯ ಕಂಪ್ಯೂಟರಿನಲ್ಲಿ ಇರಬಹುದೆಂದರೆ ಅದು ಕೆಟ್ಟು ರಿಪೇರಿಗೆ ಹೋಗಿದೆ. ಇನ್ನೊಂದು ಆ್ಯಪಿನಲ್ಲಿ ಆ ಎಲೆಯನ್ನು ಉಜ್ಜಿದೆ. ಎಲೆ ಹೋಗಿ ಮಣ್ಣು ಬಂತು, ಮಣ್ಣನ್ನು ಉಜ್ಜಿದರೆ ಇನ್ನೊಂದು ಎಲೆ ಬಂತು. ಉಜ್ಜಿ ಕಳೆದದ್ದು ಉಜ್ಜಿದರೆ ಬರುವುದಿಲ್ಲ. ನಿಮ್ಮ ಕೈಯದೊಂದು ಬೇರೆ ಫೋಟೋವಾದರೂ ಇರಬೇಕೆಂದು ಹುಡುಕಿದೆ. ಎಂಟುನೂರಕ್ಕೂ ಹೆಚ್ಚು ಹೂವುಗಳಿವೆ. ಎಲ್ಲದರಲ್ಲೂ ನೀವು ಚೌಕಟ್ಟಿನಿಂದ ಒಂದು ಅಂಗುಲ ಕೆಳಗಿದ್ದೀರಿ. ಒಂದೊಂದನ್ನೂ ನೋಡುವಾಗ ಆ ಅಂಗುಲದ ಕೆಳಗೆ ಇನ್ನೂ ಇದ್ದೀರೇನೋ ಎಂದು ಪರದೆಯನ್ನು ಮೇಲಕ್ಕೆ ಸರಿಸಿ ನೋಡುತ್ತೇನೆ. ಬುದ್ಧಿ ಇದ್ದವಳು ಮಾಡುವ ಕೆಲಸವಲ್ಲ, ಗೊತ್ತು.

ಮನೆಯಲ್ಲಿ ನಿಮ್ಮ 'ಹ್ಞಾಂ' ಇಲ್ಲದೆ ಯಾವ ಕೆಲಸಕ್ಕೂ ಗಳಿಗೆ ಕೂಡಿಬರುತ್ತಿಲ್ಲ. ಹಾಲು ಉಕ್ಕುತ್ತದೆ. ಬೆಳಗ್ಗೆ ಪೇಪರ್ ಓದಿ ಸಿಟ್ಟು ಬಂದರೆ, ಆ ಸಿಟ್ಟನ್ನು ಕೇಳಿ 'ಬರಿ, ಬರಿ' ಎಂದು ಕಾಫಿ ಲೋಟ ಮುಂದಿಡುವವರಿಲ್ಲ. ಎರಡು ಲೋಟ ಕಾಫಿ ಮಾಡುತ್ತೇನೆ, ಎರಡನ್ನೂ ನಾನೇ ಕುಡಿಯುತ್ತೇನೆ. ಕ್ಷಮಿಸಿ ಎಂದು ಬರೆಯಲು ಇಷ್ಟು ಪುಟ ಹಿಡಿಯಿತು. ಸಂಪಾದಕರಾಗಿದ್ದರೆ ಕತ್ತರಿಸುತ್ತಿದ್ದರು, ನೀವು ಕತ್ತರಿಸುವವರಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ, ಗಟ್ಟಿಯಾಗಿ ಓಡಾಡುವಂತಾಗಲಿ. ಪ್ರವೀಣನಿಗೆ ಆಶೀರ್ವಾದ. ಆನೆ ಬರುವ ಹೊತ್ತಿಗೆ ಬೇಲಿಯ ಹತ್ತಿರ ಹೋಗಬೇಡಿ.

ನಿಮ್ಮವಳೇ,
ಸರೋಜ

ತಾ. ಕ.: ಅಂಚೆಯ ಸೋಮ ಗೇಟಿನಲ್ಲಿ ನಿಂತು, 'ಟೀಚರಮ್ಮಾ, ಕೊಡ್ತೀರೋ, ನಾಳೆ ಬರ್ಲೋ?' ಎಂದು ಕೂಗುತ್ತಿದ್ದಾನೆ. ನಾನು ಟೀಚರಲ್ಲ ಎಂದು ಅವನಿಗೆ ಹೇಳಿ ಹೇಳಿ ಸಾಕಾಗಿದೆ. ಲಕೋಟೆ ಅಂಟಿಸುವಷ್ಟರಲ್ಲಿ ಐಶ್ವರ್ಯ ಫೋನ್ ಮಾಡಿದಳು. ಕಂಪ್ಯೂಟರ್ ಸರಿಯಾಗಿದೆಯಂತೆ, ಫೋಟೋ ಸಿಕ್ಕಿದೆಯಂತೆ! 'ಆಂಟಿ, ದೊಡ್ಡದು ಮಾಡಿ ನೋಡಿದ್ರೆ ಇದ್ರಲ್ಲಿ ಹೂವಿಗಿಂತ ಬೆರಳೇ ಶಾರ್ಪ್ ಉಂಟು, ಉಗುರಿನ ಗೆರೆ ಸಮೇತ. ಇರುವೆ ತೆಗ್ದು ಪ್ರಿಂಟ್ ಹಾಕ್ಲಾ?' ಎಂದಳು. ಏನನ್ನೂ ಮುಟ್ಟಬೇಡ, ಇರುವೆಯೂ ಇರಲಿ ಎಂದೆ. ಶನಿವಾರ ಅದನ್ನು ತರಲು ಮಡಿಕೇರಿಗೆ ಹೋಗುತ್ತೇನೆ. ನಿಮ್ಮ ಕಡೆಯ ಗೋಣಿಕೊಪ್ಪದಿಂದ ಮಧ್ಯಾಹ್ನದ ಬಸ್ಸು ಮೂರೂವರೆಗೆ ಬರುತ್ತದಲ್ಲ, ಅಲ್ಲಿಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ. ಅದರಲ್ಲಿ ನೀವಿಲ್ಲದಿದ್ದರೆ ಐದರದ್ದಕ್ಕೂ ಕಾಯುತ್ತೇನೆ. ಭಾನುವಾರ ಬೆಳಗ್ಗೆ ಹೂವು ಬಿರಿಯುತ್ತದೆ. ಈ ಸಲ ದಂಟು ನಾನು ಹಿಡಿಯುತ್ತೇನೆ, ಒತ್ತುವುದು ನಿಮ್ಮ ಕೆಲಸ. 'ಹ್ಞಾಂ' ಎನ್ನುವುದನ್ನು ಮಾತ್ರ ಬಂದು ಕಲಿಸಿಕೊಡಿ.